ಊರಿಗೆ ಸೇರಿದವರು ಯಾರು? ಇಂಗ್ಲೆಂಡಿನ ಹಳೆಯ ಹಳ್ಳಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿಗಳ ಸಾಮಾಜಿಕ ಚರಿತ್ರೆಯನ್ನು ಕುರಿತು ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಉತ್ತರಗಳು ಸ್ಥೂಲವಾಗಿ 1500ರಿಂದ 1750ರವರೆಗಿನ ಕಾಲಕ್ಕೆ ಸಂಬಂಧಿಸಿವೆ. ಒಂದೆರಡು ಕಡೆ ಮಾತ್ರ ಅದರಾಚೆಗೆ ಹೋಗಬೇಕಾಗಿದೆ. ಹಂಪಿಯಲ್ಲಿ ಕೃಷ್ಣದೇವರಾಯನು ಪಟ್ಟಕ್ಕೆ ಬಂದ 1509ರಲ್ಲಿಯೇ ಲಂಡನ್ನಿನಲ್ಲಿ ಎಂಟನೆಯ ಹೆನ್ರಿಯೂ ಪಟ್ಟವೇರಿದನೆಂದು ನೆನಪಿಟ್ಟುಕೊಂಡರೆ ಕಾಲದ ಅಂದಾಜು ಸಿಕ್ಕೀತು.

ಪ್ರಶ್ನೆ: ನಮ್ಮ ಪಠ್ಯದಲ್ಲಿ ಇಂಗ್ಲೆಂಡ್ ಎಂದರೆ ರಾಜ, ರಾಣಿ, ಪಾರ್ಲಿಮೆಂಟ್ ಇಷ್ಟೇ. ಹಳ್ಳಿಯ ಜನರಿಗೆ ಓದುಬರಹವೇ ಬರುತ್ತಿರಲಿಲ್ಲವಾದರೆ ಅವರ ಬದುಕಿನ ವಿವರಗಳು ಚರಿತ್ರೆಕಾರರಿಗೆ ಸಿಕ್ಕಿದ್ದು ಎಲ್ಲಿಂದ? (ಪದವಿ ವಿದ್ಯಾರ್ಥಿನಿ, ಲಿಂಗಸುಗೂರು)

ಉತ್ತರ: ಅವರಲ್ಲಿ ಹೆಚ್ಚಿನವರು ತಾವಾಗಿ ಏನನ್ನೂ ಬರೆದಿಡಲಿಲ್ಲ ಎಂಬುದು ನಿಜ. 1641 ಮತ್ತು 1642ರಲ್ಲಿ ಪಾರ್ಲಿಮೆಂಟಿನ ಅಪ್ಪಣೆಯಂತೆ ವಯಸ್ಕ ಗಂಡಸರೆಲ್ಲರೂ ಒಂದು ಪ್ರತಿಜ್ಞಾಪತ್ರಕ್ಕೆ ರುಜು ಹಾಕಬೇಕಾಗಿತ್ತು. ಉಳಿದುಬಂದಿರುವ ಆ ಪಟ್ಟಿಗಳಲ್ಲಿ ಹತ್ತು ಜನರಲ್ಲಿ ಸುಮಾರು ಏಳು ಜನ ಹೆಸರು ಬರೆಯಲಾರದೆ ಗುರುತು ಮಾತ್ರ ಹಾಕಿದ್ದಾರೆ. ಹೆಂಗಸರಲ್ಲಿ ಹೆಸರು ಬರೆಯಬಲ್ಲವರು ಇನ್ನೂ ಕಡಿಮೆ. ಆದರೆ ಅವರನ್ನು ಕುರಿತು ಬರೆದಿಡುವವರಿಗೆ ಕೊರತೆಯಿರಲಿಲ್ಲ. 1538ರಲ್ಲಿ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಪ್ಯಾರಿಷ್ ತನ್ನ ವ್ಯಾಪ್ತಿಯಲ್ಲಿ ನಡೆದ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ದಫ್ತರದಲ್ಲಿ ದಾಖಲಿಸಬೇಕೆಂದು ಆಜ್ಞೆ ಹೊರಡಿಸಿದನು. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಊರಿನ ಸೀಮೆ. ಅಂಥ 404 ಪ್ಯಾರಿಷ್‌ಗಳ ದಫ್ತರಗಳನ್ನು ಆಧರಿಸಿ ಕೇಂಬ್ರಿಜ್‌ನ ಸಂಶೋಧಕರು, 1541ರಲ್ಲಿ ಸುಮಾರು 28 ಲಕ್ಷವಿದ್ದ ಇಂಗ್ಲೆಂಡಿನ ಜನಸಂಖ್ಯೆ 1650ರ ದಶಕದ ಹೊತ್ತಿಗೆ 52 ಲಕ್ಷದ ಆಸುಪಾಸಿಗೆ ಏರಿತ್ತೆಂದು ಲೆಕ್ಕ ಹಾಕಿದ್ದಾರೆ. ಈ ಏರಿಕೆಯನ್ನು ಮುಂದಿನ ಉತ್ತರಗಳನ್ನು ಓದುವಾಗಲೂ ಮರೆಯಬಾರದು: ಜನ ಹೆಚ್ಚಾದರು, ಹೊಲ ಅಷ್ಟಾಗಿ ಹೆಚ್ಚಲಿಲ್ಲ, ಧಾನ್ಯದ ಬೆಲೆ ಏರಿದ ವೇಗದಲ್ಲಿ ಕೂಲಿಯೂ ಏರಲಿಲ್ಲ.

ಆಸ್ತಿಪಟ್ಟಿಗಳು ಇನ್ನೊಂದು ಬಗೆಯ ಸಾಮಗ್ರಿ. ಒಬ್ಬನು ತೀರಿಕೊಂಡರೆ ನೆರೆಹೊರೆಯ ಎರಡು ಮೂರು ಜನ ಅವನ ಮನೆಗೆ ಹೋಗಿ ಹಾಸಿಗೆ, ಪಾತ್ರೆ, ದನ, ಕೂಡಿಟ್ಟ ಕಾಳು ಎಲ್ಲಕ್ಕೂ ಬೆಲೆ ಕಟ್ಟಿ ಚರ್ಚಿನ ನ್ಯಾಯಾಲಯಕ್ಕೆ ಒಪ್ಪಿಸುತ್ತಿದ್ದರು. ಇಂಥ ಸಾವಿರಾರು ಪಟ್ಟಿಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಮನೆಯೊಳಗಿನ ಬದುಕು ಬದಲಾದದ್ದು ಕಾಣುತ್ತದೆ. ಎಸೆಕ್ಸ್ ಪ್ರಾಂತದ ರ್‍ಯಾಡ್‌ವಿಂಟರ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಹ್ಯಾರಿಸನ್, ತನ್ನ ಊರಿನ ಮುದುಕರು ತಮ್ಮ ಕಾಲದಲ್ಲಿಯೇ ಕಂಡ ಮೂರು ದೊಡ್ಡ ಬದಲಾವಣೆಗಳನ್ನು 1577ರಲ್ಲಿ ಅಚ್ಚಾದ ಬರಹದಲ್ಲಿ ಹೇಳಿದ್ದಾನೆ: ಹೊಗೆಗೂಡುಗಳು ಹೆಚ್ಚಿದವು, ಮಲಗುವ ಹಾಸಿಗೆ ಸುಧಾರಿಸಿತು, ಮರದ ತಟ್ಟೆಯ ಜಾಗಕ್ಕೆ ಲೋಹದ ತಟ್ಟೆ ಬಂತು. ಮೊದಲು ಹುಲ್ಲಿನ ಚಾಪೆಯ ಮೇಲೆ ಮರದ ದಿಮ್ಮಿಯನ್ನು ತಲೆಗೆ ಇಟ್ಟುಕೊಂಡು ಮಲಗುತ್ತಿದ್ದರಂತೆ. ತಲೆದಿಂಬು ಬಾಣಂತಿಯರಿಗೆ ಮಾತ್ರ ತಕ್ಕದ್ದೆಂದು ಭಾವಿಸಿದ್ದರಂತೆ. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಪೊಳ್ಳು ಎನ್ನುವ ಮುದುಕರ ಮಾಮೂಲು ದೂರಿನ ನಡುವೆ ಇಂಥ ವಿವರಗಳು ಉಳಿದದ್ದು ಅದೃಷ್ಟವೆಂದೇ ಹೇಳಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಮಗ್ರಿ ಶ್ರಾಪ್‌ಶೈರ್ ಪ್ರಾಂತದ ಮಿಡಲ್ ಎಂಬ ಹಳ್ಳಿಗೆ ಸೇರಿದ್ದು. ರಿಚರ್ಡ್ ಗಾಫ್ ಎಂಬ ಅಲ್ಲಿನ ವೃದ್ಧ ಹಿಡುವಳಿದಾರನು 1700ರಿಂದ 1702ರ ಅವಧಿಯಲ್ಲಿ ಚರ್ಚಿನೊಳಗಿನ ಆಸನಗಳ ನಕ್ಷೆ ಬರೆದು, ಒಂದೊಂದು ಆಸನಕ್ಕೂ ಸೇರಿದ ಮನೆತನದ ಕಥೆಯನ್ನು, ಅಂದರೆ ಕುಡಿತ, ಕಳ್ಳತನ, ಸಾಲ, ವ್ಯಾಜ್ಯ, ಒಳ್ಳೆಯ ಮದುವೆ, ಕೆಟ್ಟ ಮದುವೆ ಯಾವುದನ್ನೂ ಬಿಡದೆ ದಾಖಲಿಸಿದನು. ಆ ಚರ್ಚಿನಲ್ಲಿ ಆಸನವು ವ್ಯಕ್ತಿಗಿಂತ ಹೆಚ್ಚಾಗಿ ಹಿಡುವಳಿಗೆ ಸೇರಿತ್ತು; ದೊಡ್ಡ ಹಿಡುವಳಿಯವರು ಮುಂದೆ, ಗುಡಿಸಲಿನವರು ಹಿಂದೆ ಕುಳಿತುಕೊಳ್ಳುತ್ತಿದ್ದರು. ಯಾವ ಆಸನ ಯಾರದೆಂಬ ಜಗಳಗಳು ನ್ಯಾಯಾಲಯದವರೆಗೂ ಹೋಗುತ್ತಿದ್ದವು. ಊರಿನಲ್ಲಿ ಯಾರಿಗೆ ಯಾವ ಹಕ್ಕಿದೆ ಎಂಬ ಪ್ರಶ್ನೆಯು ಆ ಕಾಲದ ಹಳ್ಳಿಯ ಬಹುಪಾಲು ಸಂಗತಿಗಳ ತಳದಲ್ಲಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಪ್ರಶ್ನೆಗಳೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಪ್ರಶ್ನೆ: ಆ ಕಾಲದಲ್ಲಿ ಅಲ್ಲಿನ ಹೊಲಗಳಿಗೆ ಬದುವಾಗಲಿ ಬೇಲಿಯಾಗಲಿ ಇರಲಿಲ್ಲವೆಂದು ಓದಿದ್ದೇನೆ. ಹಾಗಿದ್ದರೆ ಒಕ್ಕಲುತನ ನಡೆದದ್ದು ಹೇಗೆ? ನಮ್ಮ ಗಾಯರಾಣದಂಥ ಭೂಮಿ ಅವರಿಗೂ ಇತ್ತೇ? (ನಿವೃತ್ತ ಶಿಕ್ಷಕರು, ಕುಷ್ಟಗಿ)

ಉತ್ತರ: ತಾವು ಓದಿದ್ದು ಮುಖ್ಯವಾಗಿ ಇಂಗ್ಲೆಂಡಿನ ನಡುಭಾಗದ ಪ್ರಾಂತಗಳಿಗೆ ಅನ್ವಯಿಸುತ್ತದೆ; ಆಗ್ನೇಯದ ಕೆಂಟ್, ನೈರುತ್ಯದ ಡೆವನ್ ಮೊದಲಾದ ಕಡೆಗಳಲ್ಲಿ ಬೇಲಿ ಹಾಕಿದ ಸಣ್ಣ ಹೊಲಗಳು ಮೊದಲಿನಿಂದಲೂ ಇದ್ದವು. ನಡುಭಾಗದ ಊರುಗಳಲ್ಲಿ ಸಾಗುವಳಿ ಭೂಮಿಯೆಲ್ಲ ಎರಡೋ ಮೂರೋ ವಿಶಾಲವಾದ ಬಯಲುಗಳಾಗಿ ಹಂಚಿಕೆಯಾಗಿರುತ್ತಿತ್ತು. ಪ್ರತಿಯೊಬ್ಬ ಹಿಡುವಳಿದಾರನಿಗೂ ಆ ಬಯಲುಗಳಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿಗಳು ಇರುತ್ತಿದ್ದವು, ಆದ್ದರಿಂದ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರುತ್ತಿತ್ತು. ಒಂದು ಬಯಲಿಗೆ ಚಳಿಗಾಲದ ಮುಂಚೆ ಗೋಧಿ ಅಥವಾ ರೈ, ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್ ಅಥವಾ ಬಟಾಣಿ, ಮೂರನೆಯದು ಬೀಡು. ಬೀಡು ಬಿಟ್ಟ ಬಯಲಿನಲ್ಲಿಯೂ ಕೊಯ್ಲಾದ ಹೊಲಗಳಲ್ಲಿಯೂ ಊರಿನ ದನ ಕುರಿಗಳೆಲ್ಲ ಒಟ್ಟಿಗೆ ಮೇಯುತ್ತಿದ್ದವು. ನಮ್ಮ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುವಂತೆಯೇ ಅವರೂ ಹಗಲು ಗುಡ್ಡದ ಮೇಲೆ ಮೇಯ್ದ ಕುರಿಗಳನ್ನು ಸಂಜೆ ಉಳುವ ಹೊಲಕ್ಕೆ ತಂದು, ತಡಿಕೆಗಳ ಆವರಣದಲ್ಲಿ ಕೂಡಿಹಾಕುತ್ತಿದ್ದರು.

ಇಂಥ ವ್ಯವಸ್ಥೆಯಲ್ಲಿ ಒಬ್ಬನು ತನಗೆ ತೋಚಿದಂತೆ ಬಿತ್ತುವುದಾಗಲಿ ಕೊಯ್ಯುವುದಾಗಲಿ ಸಾಧ್ಯವಿರಲಿಲ್ಲ. ಯಾವ ದಿನದಿಂದ ದನ ಬಿಡಬೇಕು, ಒಬ್ಬೊಬ್ಬರು ಎಷ್ಟು ತಲೆ ಬಿಡಬಹುದು, ನೆರೆಯವನ ಪಟ್ಟಿಯನ್ನು ಒತ್ತಿ ಉತ್ತವನಿಗೆ ಎಷ್ಟು ದಂಡ ಎಂಬುದನ್ನೆಲ್ಲ ಮ್ಯಾನರ್ ಎಂಬ ಜಮೀನ್ದಾರಿ ಘಟಕದ ನ್ಯಾಯಸಭೆಯಲ್ಲಿ ಊರಿನ ಹಿಡುವಳಿದಾರರೇ ಪಂಚರಾಗಿ ಕುಳಿತು ತೀರ್ಮಾನಿಸುತ್ತಿದ್ದರು. ದಾರಿ ತಪ್ಪಿ ಬೆಳೆಗೆ ನುಗ್ಗಿದ ದನಗಳನ್ನು ಹಿಡಿದು ಹಾಕಲು ನಮ್ಮ ಕೊಂಡವಾಡದಂಥ ದೊಡ್ಡಿಯೂ, ಅದನ್ನು ನೋಡಿಕೊಳ್ಳುವ ಊರ ಅಧಿಕಾರಿಯೂ ಇರುತ್ತಿದ್ದರು. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಊರಿನಲ್ಲಿ ಬಯಲು ಹೊಲಗಳೂ ಅವುಗಳನ್ನು ಪರಿಶೀಲಿಸಿ ದಂಡ ವಿಧಿಸುವ ಸಭೆಯೂ ನಮ್ಮ ಕಾಲದವರೆಗೂ ಉಳಿದುಬಂದಿವೆ.

ಗಾಯರಾಣಕ್ಕೆ ಹತ್ತಿರದ ಭೂಮಿ ಇತ್ತು, ಆದರೆ ಅದು ಸರ್ಕಾರದ್ದೂ ಅಲ್ಲ, ಎಲ್ಲರದ್ದೂ ಅಲ್ಲ. ಅದರ ಒಡೆತನ ಜಮೀನ್ದಾರನದು. ಅಲ್ಲಿ ಮೇಯಿಸುವ, ಸೌದೆ ಆಯುವ, ಉರುವಲಿಗೆ ಜೌಗುಮಣ್ಣು ಕಡಿಯುವ ಹಕ್ಕು ಊರಿನ ನಿರ್ದಿಷ್ಟ ಮನೆಗಳದು. ಉಣ್ಣೆಗೆ ಬೆಲೆ ಬಂದಾಗ ಜಮೀನ್ದಾರರೂ ಸಿರಿವಂತ ರೈತರೂ ಇಂಥ ಭೂಮಿಗೆ ಬೇಲಿ ಹಾಕಿ ಕುರಿ ತುಂಬಿದ್ದರಿಂದ ದಂಗೆಗಳಾದವು. 1549ರಲ್ಲಿ ನಾರ್‌ಫೋಕ್ ಪ್ರಾಂತದ ವಿಂಡಮ್ ಊರಿನಲ್ಲಿ ಬೇಲಿ ಕೀಳಲು ಹೊರಟ ಜನ ರಾಬರ್ಟ್ ಕೆಟ್ ಎಂಬ ಸ್ಥಿತಿವಂತನ ಬೇಲಿಗೂ ಬಂದರು. ಅವನು ಅವರ ಮಾತಿಗೆ ಒಪ್ಪಿ, ತನ್ನ ಬೇಲಿಯನ್ನು ತಾನೇ ಕಿತ್ತು, ಅವರ ನಾಯಕನಾದನು. ಸಾವಿರಾರು ಜನ ನಾರ್ವಿಚ್ ನಗರದ ಹೊರಗಿನ ದಿಬ್ಬದಲ್ಲಿ ಬೀಡುಬಿಟ್ಟು 29 ಬೇಡಿಕೆಗಳನ್ನು ರಾಜನಿಗೆ ಕಳುಹಿಸಿದರು. ಆಗಸ್ಟ್ ತಿಂಗಳಲ್ಲಿ ಸೈನ್ಯ ದಂಗೆಯನ್ನು ಅಡಗಿಸಿತು, ಡಿಸೆಂಬರಿನಲ್ಲಿ ಕೆಟ್‌ನನ್ನು ನಾರ್ವಿಚ್ ಕೋಟೆಯಲ್ಲಿ ಗಲ್ಲಿಗೇರಿಸಿದರು. 1607ರಲ್ಲಿ ನಡುನಾಡಿನ ಪ್ರಾಂತಗಳಲ್ಲಿ ಮತ್ತೆ ಇಂಥದೇ ಬಂಡಾಯ ಎದ್ದಿತು. ಬೇಲಿ ಹಾಕುವ ಕೆಲಸ ಮಾತ್ರ ನಿಲ್ಲಲಿಲ್ಲ. 1750ರ ಬಳಿಕ ಅದಕ್ಕೆ ಪಾರ್ಲಿಮೆಂಟೇ ಊರೂರಿಗೆ ಕಾಯ್ದೆ ಮಾಡಿಕೊಟ್ಟಿತು. ಮುಂದಿನ ಎಂಬತ್ತು ವರ್ಷಗಳಲ್ಲಿ ಅಂಥ ಕಾಯ್ದೆಗಳು ಸುಮಾರು 4,000 ಆದವು. ಜಮೀನಿರುವವರಿಗೆ ಬದಲಿ ಜಮೀನು ಸಿಕ್ಕಿತು. ಕಾಗದಪತ್ರವಿಲ್ಲದೆ ರೂಢಿಯಿಂದ ಒಂದು ಹಸು ಮೇಯಿಸಿಕೊಂಡಿದ್ದ ಗುಡಿಸಲಿನವರಿಗೆ ಬಹಳ ಕಡೆ ಏನೂ ಸಿಕ್ಕಲಿಲ್ಲ.

ಪ್ರಶ್ನೆ: ನಮ್ಮ ಕಡೆ ಯುಗಾದಿಯಿಂದ ಯುಗಾದಿಗೆ ಸಂಬಳದಾಳು ಇಟ್ಟುಕೊಳ್ಳುವ ಪದ್ಧತಿಯಿತ್ತು. ಅಲ್ಲಿನ ರೈತರೂ ಹೀಗೆ ಆಳು ಇಟ್ಟುಕೊಳ್ಳುತ್ತಿದ್ದರೇ, ಅಥವಾ ಕೂಡು ಕುಟುಂಬದವರೇ ಎಲ್ಲ ಕೆಲಸ ಮಾಡುತ್ತಿದ್ದರೇ? (ರೈತರು, ಸಿರುಗುಪ್ಪ)

ಉತ್ತರ: ಕೂಡು ಕುಟುಂಬ ಅಲ್ಲಿ ಅಪರೂಪ. ಹಳೆಯ ಜನಪಟ್ಟಿಗಳ ಪ್ರಕಾರ ಒಂದು ಮನೆಯಲ್ಲಿ ಸರಾಸರಿ ಐದು ಜನರೂ ಇರುತ್ತಿರಲಿಲ್ಲ; ಆ ಎಣಿಕೆಯಲ್ಲಿ ಆಳುಗಳೂ ಸೇರಿದ್ದರು. ಮದುವೆಯಾದವರು ಬೇರೆ ಮನೆ ಹೂಡಬೇಕೆಂಬುದು ಅಲ್ಲಿನ ರೂಢಿ, ಮನೆ ಹೂಡಲು ಗಂಟು ಬೇಕು, ಗಂಟು ಕೂಡುವವರೆಗೆ ಮದುವೆಯಿಲ್ಲ. ಹೀಗಾಗಿ ಹೆಣ್ಣುಮಕ್ಕಳು ಸರಾಸರಿ ಇಪ್ಪತ್ತೈದರ ಆಚೀಚೆಗೆ, ಗಂಡುಮಕ್ಕಳು ಇಪ್ಪತ್ತೇಳು ಇಪ್ಪತ್ತೆಂಟಕ್ಕೆ ಮದುವೆಯಾಗುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಹಿಂದೆ ಬಾಲ್ಯವಿವಾಹವೇ ಸಾಮಾನ್ಯವಾಗಿತ್ತೆಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅದು ಅರಮನೆ ಮತ್ತು ಸಿರಿವಂತ ಮನೆತನಗಳ ಕಥೆಯನ್ನು ಹಳ್ಳಿಗೂ ಅನ್ವಯಿಸಿದ್ದರಿಂದ ಬಂದ ತಪ್ಪು ಕಲ್ಪನೆ.

ಮದುವೆಗೆ ಮುಂಚಿನ ಆ ಹತ್ತು ವರ್ಷಗಳನ್ನು ಹಳ್ಳಿಯ ಹುಡುಗ ಹುಡುಗಿಯರು ಬೇರೆಯವರ ಮನೆಯಲ್ಲಿ ವರ್ಷದ ಕರಾರಿನ ಆಳುಗಳಾಗಿ ಕಳೆಯುತ್ತಿದ್ದರು. 15ರಿಂದ 24ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ದುಡಿಯುತ್ತಿದ್ದರೆಂದು ಲೆಕ್ಕ ಹಾಕಲಾಗಿದೆ. ಊಟ, ವಸತಿ ಯಜಮಾನನದು. ಸಂಬಳ ಬಹುಮಟ್ಟಿಗೆ ವರ್ಷದ ಕೊನೆಗೆ. ದಕ್ಷಿಣದಲ್ಲಿ ಸುಗ್ಗಿ ಮುಗಿದ ಮೇಲೆ ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ, ಉತ್ತರದಲ್ಲಿ ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಿಂದ ಆಳಿನ ವರ್ಷ ಆರಂಭವಾಗುತ್ತಿತ್ತು, ಆ ದಿನಗಳಲ್ಲಿ ಪೇಟೆಗಳಲ್ಲಿ ಆಳು ಗೊತ್ತುಮಾಡಿಕೊಳ್ಳುವ ಸಂತೆಗಳೇ ನೆರೆಯುತ್ತಿದ್ದವು. 1563ರ ಕಾಯ್ದೆಯು ಕೂಲಿಯ ಮೇಲ್ಮಿತಿಯನ್ನು ಪ್ರಾಂತದ ನ್ಯಾಯಾಧಿಕಾರಿಗಳು ಗೊತ್ತುಮಾಡಬೇಕೆಂದೂ, ಕರಾರು ಮುಗಿಯುವ ಮುಂಚೆ ಸಕಾರಣವಿಲ್ಲದೆ ಆಳು ಬಿಟ್ಟುಹೋಗಬಾರದು, ಯಜಮಾನನೂ ಹೊರಹಾಕಬಾರದು ಎಂದೂ ವಿಧಿಸಿತು. ಯಜಮಾನರೇ ನ್ಯಾಯಾಧಿಕಾರಿಗಳ ನೆಂಟರಿಷ್ಟರಾಗಿದ್ದ ಕಾಲದಲ್ಲಿ ಎರಡೂ ವಿಧಿಗಳು ಒಂದೇ ಬಿಗಿಯಿಂದ ಜಾರಿಯಾಗಿರಲಾರವು. ಆಳುಗಳು ಒಂದು ವರ್ಷವೋ ಎರಡು ವರ್ಷವೋ ದುಡಿದು ಬೇರೆ ಊರಿನ ಬೇರೆ ಯಜಮಾನನನ್ನು ಹುಡುಕಿಕೊಳ್ಳುತ್ತಿದ್ದರು. ಹಳ್ಳಿಗರು ಹುಟ್ಟಿದ ಊರು ಬಿಟ್ಟು ಕದಲುತ್ತಿರಲಿಲ್ಲ ಎಂಬ ಮಾತು ಇದರಿಂದಲೇ ಬಿದ್ದುಹೋಗುತ್ತದೆ.

ಪ್ರಶ್ನೆ: ನಮ್ಮ ಗವಿಮಠದ ಜಾತ್ರೆಯಂತೆ ಊರೆಲ್ಲ ಸೇರುವ ಹಬ್ಬಗಳು ಅಲ್ಲಿದ್ದವೇ? (ಗೃಹಿಣಿ, ಕೊಪ್ಪಳ)

ಉತ್ತರ: ಅಷ್ಟು ದೊಡ್ಡ ಪ್ರಮಾಣದಲ್ಲಿ ಇರಲಿಲ್ಲ, ಆದರೆ ಪ್ರತಿ ಚರ್ಚಿಗೂ ಅದರ ಸಂತನ ಹಬ್ಬವಿತ್ತು. ಊರಿನವರು ಬಾರ್ಲಿ ಕೂಡಿಸಿ, ಏಲ್ ಎಂಬ ಪೇಯವನ್ನು ತಯಾರಿಸಿ, ಊಟದ ಜೊತೆಗೆ ಮಾರಿ, ಬಂದ ಹಣವನ್ನು ಚರ್ಚಿನ ಖರ್ಚಿಗೆ ಕೊಡುವ ಕೂಟಗಳೂ ಇದ್ದವು. ದೇವರ ಕೆಲಸಕ್ಕೆ ಕುಡಿತದ ದುಡ್ಡೇ ಎಂದು ಹುಬ್ಬೇರಿಸಬೇಡಿ; ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರೂ ಅದನ್ನೇ ಕೇಳಿದರು. ಡೆವನ್ ಪ್ರಾಂತದ ಮೋರ್‌ಬಾತ್ ಎಂಬ ಪುಟ್ಟ ಊರಿನಲ್ಲಿ 1520ರಿಂದ 1574ರವರೆಗೆ ಪಾದ್ರಿಯಾಗಿದ್ದ ಕ್ರಿಸ್ಟೋಫರ್ ಟ್ರಿಕಿಯ ಲೆಕ್ಕಪುಸ್ತಕಗಳಲ್ಲಿ, ಸಂತರ ಹೆಸರಿನ ಕುರಿಗಳನ್ನು ಊರಿನ ಮನೆಗಳವರು ಸಾಕಿ ಉಣ್ಣೆಯ ಹಣ ಒಪ್ಪಿಸುತ್ತಿದ್ದ ವಿವರಗಳಿವೆ. ಪ್ರಾಟೆಸ್ಟೆಂಟ್ ರಾಜ ಆರನೆಯ ಎಡ್ವರ್ಡನ ಕಾಲದಲ್ಲಿ ವಿಗ್ರಹಗಳನ್ನು ತೆಗೆಸಿದಾಗ ಈ ವ್ಯವಸ್ಥೆ ಕುಸಿಯಿತು, ಇಂಥ ಬದಲಾವಣೆಗಳ ವಿರುದ್ಧ ಎದ್ದ 1549ರ ಧಾರ್ಮಿಕ ದಂಗೆಗೆ ಆ ಊರು ಐವರು ಯುವಕರನ್ನು ಖರ್ಚು ಕೊಟ್ಟು ಕಳುಹಿಸಿತು. ಮುಂದೆ 1618ರಲ್ಲಿ ಒಂದನೆಯ ಜೇಮ್ಸ್ ರಾಜನು ಭಾನುವಾರದ ಪ್ರಾರ್ಥನೆಯಾದ ಮೇಲೆ ಕುಣಿತ, ಬಿಲ್ಲುಗಾರಿಕೆ ಮೊದಲಾದ ಆಟಗಳಿಗೆ ಅಡ್ಡಿಯಿಲ್ಲವೆಂದು ಘೋಷಿಸಬೇಕಾಯಿತು. ಪ್ಯೂರಿಟನ್ನರೆಂಬ ಆ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರ ಕೈ ಮೇಲಾದ 1640ರ ದಶಕದಲ್ಲಿ ಕ್ರಿಸ್‌ಮಸ್ ಆಚರಣೆಯೇ ನಿಷೇಧಕ್ಕೊಳಗಾಯಿತು. ನಡುವೆ ರದ್ದಾಗಿದ್ದ ರಾಜಪ್ರಭುತ್ವ 1660ರಲ್ಲಿ ಮರಳಿದ ಬಳಿಕ ಹಬ್ಬಗಳೂ ಮರಳಿದವು.

ಪ್ರಶ್ನೆ: ಮಾಟಗಾತಿಯರೆಂದು ಹೆಂಗಸರನ್ನು ಸುಡುತ್ತಿದ್ದದ್ದು ಇದೇ ಕಾಲದಲ್ಲಿಯೇ? (ಓದುಗರು, ಬಳ್ಳಾರಿ)

ಉತ್ತರ: ಇದೇ ಕಾಲದಲ್ಲಿ, ಆದರೆ ಇಂಗ್ಲೆಂಡಿನಲ್ಲಿ ಮಾಟದ ಅಪರಾಧಕ್ಕೆ ಸುಡುತ್ತಿರಲಿಲ್ಲ, ಗಲ್ಲಿಗೇರಿಸುತ್ತಿದ್ದರು. 1563ರ ಕಾಯ್ದೆಯಿಂದ 1736ರಲ್ಲಿ ಅಂಥ ಕಾಯ್ದೆಗಳು ರದ್ದಾಗುವವರೆಗಿನ ಅವಧಿಯಲ್ಲಿ ಸುಮಾರು 500 ಜನ, ಬಹುಪಾಲು ಹೆಂಗಸರು, ಹೀಗೆ ಸತ್ತರೆಂದು ಅಂದಾಜು. ಆರೋಪ ಹೊರಿಸಿದವರು ಹೆಚ್ಚಾಗಿ ನೆರೆಯವರೇ. ಬಡ ಮುದುಕಿಯೊಬ್ಬಳು ಮಜ್ಜಿಗೆಯನ್ನೋ ಬೆಣ್ಣೆಯನ್ನೋ ಕೇಳಿ ಬಂದಳು, ಮನೆಯವರು ಇಲ್ಲವೆಂದರು, ಅವಳು ಗೊಣಗಿಕೊಂಡು ಹೋದಳು, ಅನಂತರ ಮಗುವಿಗೋ ಕರುವಿಗೋ ಕಾಯಿಲೆ ಬಂತು ಎಂಬ ಸಾಕ್ಷ್ಯ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಡಬೇಕಾದದ್ದನ್ನು ಕೊಡಲಿಲ್ಲವೆಂಬ ಅಳುಕು ಆರೋಪವಾಗಿ ತಿರುಗಿತೆಂದು ಕೆಲವು ಚರಿತ್ರೆಕಾರರು ವಿವರಿಸುತ್ತಾರೆ. ಎಲ್ಲ ಪ್ರಕರಣಗಳಿಗೂ ಅದು ಹೊಂದುವುದಿಲ್ಲವಾದರೂ ಹಳ್ಳಿಯ ಪ್ರಕರಣಗಳಲ್ಲಿ ಅದರ ಸತ್ಯವನ್ನು ಅಲ್ಲಗಳೆಯುವುದು ಕಷ್ಟ.

ಪ್ರಶ್ನೆ: ಮಳೆ ಕೈಕೊಟ್ಟರೆ ನಮ್ಮ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಬೆಳೆ ಹೋದಾಗ ಬಡವರ ಗತಿ ಏನಾಗುತ್ತಿತ್ತು? ಊರಿನಿಂದಲೇ ಅವರಿಗೆ ಪಿಂಚಣಿ ಸಿಗುತ್ತಿತ್ತೆಂಬುದು ನಿಜವೇ? (ಪಂಚಾಯತಿ ಸದಸ್ಯೆ, ಮಸ್ಕಿ)

ಉತ್ತರ: ನಿಜ, ಆದರೆ ಅದು ಸಿಗುತ್ತಿದ್ದದ್ದು ಊರಿಗೆ ಸೇರಿದವರಿಗೆ ಮಾತ್ರ. ಅಲ್ಲಿ ಬೆಳೆ ಕೆಡುತ್ತಿದ್ದದ್ದು ಹೆಚ್ಚಾಗಿ ಅತಿಯಾದ ಮಳೆ ಮತ್ತು ಚಳಿಯಿಂದ. 1594ರಿಂದ ಸತತವಾಗಿ ನಾಲ್ಕು ವರ್ಷ ಬೆಳೆ ಕೆಟ್ಟಾಗ ಉತ್ತರದ ಗುಡ್ಡಗಾಡಿನಲ್ಲಿ ಜನ ಹಸಿವಿನಿಂದ ಸತ್ತರು. 1623ರಲ್ಲಿ ಮತ್ತೆ ಹಾಗಾದಾಗ ಕಂಬರ್‌ಲ್ಯಾಂಡ್ ಪ್ರಾಂತದ ಗ್ರೇಸ್ಟೋಕ್ ಊರಿನ ದಫ್ತರದಲ್ಲಿ ಅನ್ನವಿಲ್ಲದೆ ಸತ್ತವರನ್ನು ಹಾಗೆಂದೇ ನಮೂದಿಸಿದ್ದಾರೆ. ಅದಾದ ಮೇಲೆ ಇಂಗ್ಲೆಂಡಿನಲ್ಲಿ ಅಂಥ ಕ್ಷಾಮ ಬರಲಿಲ್ಲ. 1690ರ ದಶಕದಲ್ಲಿ ಫ್ರಾನ್ಸಿನಲ್ಲಿಯೂ ಸ್ಕಾಟ್‌ಲೆಂಡಿನಲ್ಲಿಯೂ ಜನ ಸತ್ತಾಗ ಇಂಗ್ಲೆಂಡ್ ಪಾರಾಯಿತು. ಒಕ್ಕಲುತನ ಸುಧಾರಿಸಿದ್ದು, ಜನಸಂಖ್ಯೆ ನಿಂತದ್ದು ಇದಕ್ಕೆ ಕಾರಣಗಳು. ಬಡವರ ಕಾಯ್ದೆಗೂ ಅದರಲ್ಲಿ ಪಾಲಿದೆ.

1598ರಲ್ಲಿ ಬಂದು 1601ರಲ್ಲಿ ಸ್ಥಿರವಾದ ಆ ಕಾಯ್ದೆಯ ಪ್ರಕಾರ ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕಾಗಿತ್ತು. ವರ್ಷಕ್ಕೊಮ್ಮೆ ಈಸ್ಟರ್ ಹೊತ್ತಿಗೆ ಊರಿನ ಸ್ಥಿತಿವಂತ ಗೃಹಸ್ಥರಲ್ಲಿ ಕೆಲವರನ್ನು ಬಡವರ ಮೇಲ್ವಿಚಾರಕರಾಗಿ ನೇಮಿಸುತ್ತಿದ್ದರು. ಅದಕ್ಕೆ ಸಂಬಳವಿಲ್ಲ, ಆದರೆ ಒಲ್ಲೆನೆನ್ನುವಂತಿಲ್ಲ. ಅವರು ನೆರೆಯವರಿಂದ ತೆರಿಗೆ ಎತ್ತಿ ವಿಧವೆಯರಿಗೆ, ಮುದುಕರಿಗೆ, ಕಾಯಿಲೆಯವರಿಗೆ ವಾರಕ್ಕೆ ಆರು ಪೆನ್ಸ್‌ನಿಂದ ಒಂದು ಶಿಲ್ಲಿಂಗ್‌ನಷ್ಟು ಹಣ, ಉರುವಲು, ಬಟ್ಟೆ, ಕೆಲವೊಮ್ಮೆ ಮನೆಯ ಬಾಡಿಗೆಯನ್ನು ಕೊಡುತ್ತಿದ್ದರು, ಬಡವರ ಮಕ್ಕಳನ್ನು ಬೇರೆಯವರ ಮನೆಯಲ್ಲಿ ಕೆಲಸ ಕಲಿಯಲು ಇಡುತ್ತಿದ್ದರು. ಇಡೀ ದೇಶದ ಹಳ್ಳಿ ಹಳ್ಳಿಗೂ ತೆರಿಗೆಯ ಹಣದಿಂದ ಇಂಥ ನೆರವು ತಲುಪಿಸಿದ ರಾಜ್ಯ ಆಗಿನ ಯುರೋಪಿನಲ್ಲಿ ಇನ್ನೊಂದಿರಲಿಲ್ಲ ಎಂಬುದನ್ನು ಒಪ್ಪಬೇಕು.

ಅದರ ಇನ್ನೊಂದು ಮುಖ ಕಠೋರವಾದದ್ದು. ಕೊಡುವವರೂ ಪಡೆಯುವವರೂ ಒಂದೇ ಊರಿನವರಾದ್ದರಿಂದ, ಹೊಸ ಬಡವನೊಬ್ಬ ಊರಿಗೆ ಬಂದರೆ ಅವನ ಖರ್ಚು ತಮ್ಮ ಗಂಟಿಗೆ ಬೀಳುತ್ತದೆಂದು ಗೃಹಸ್ಥರು ಲೆಕ್ಕ ಹಾಕತೊಡಗಿದರು. ನಾಲ್ಕು ಎಕರೆ ಜಮೀನಿಲ್ಲದೆ ಹೊಸ ಗುಡಿಸಲು ಕಟ್ಟಬಾರದೆಂಬ ಕಾಯ್ದೆ 1589ರಲ್ಲಿಯೇ ಬಂದಿತ್ತು. ಬಡ ಹುಡುಗ ಹುಡುಗಿಯರ ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಓದಲು ಊರಿನವರು ಅಡ್ಡಿಪಡಿಸಿದ ಪ್ರಸಂಗಗಳಿವೆ. 1662ರ ಕಾಯ್ದೆಯು, ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ಬಂದು ನೆಲೆಸಿದವನನ್ನು 40 ದಿನಗಳೊಳಗೆ ದೂರು ಕೊಟ್ಟು ಅವನ ಹಳೆಯ ಪ್ಯಾರಿಷ್‌ಗೆ ಹಿಂದಕ್ಕಟ್ಟಲು ಅವಕಾಶ ಮಾಡಿತು. ಗುಳೆ ಹೊರಟವನನ್ನು ಅಲೆಮಾರಿಯೆಂದು ಹಿಡಿದರೆ ಚಾಟಿಯೇಟು ಕೊಟ್ಟು ಊರಿಗೆ ಕಳುಹಿಸುವ ಕಾನೂನು ಇದಕ್ಕೂ ಹಿಂದಿನದು. ಮದುವೆಯಿಲ್ಲದೆ ಬಸಿರಾದ ಹೆಂಗಸು ಎಲ್ಲಿ ಹೆರುತ್ತಾಳೋ ಮಗು ಆ ಪ್ಯಾರಿಷ್‌ಗೆ ಸೇರುತ್ತದೆಂಬ ನಿಯಮವಿದ್ದುದರಿಂದ ಅಧಿಕಾರಿಗಳು ತುಂಬು ಬಸಿರಿಯರನ್ನು ಸೀಮೆಯಾಚೆಗೆ ದೂಡುತ್ತಿದ್ದರು. ಮದುವೆಯಾಗದ ಆಳು ಒಂದು ಪೂರ್ಣ ವರ್ಷ ದುಡಿದರೆ ಆ ಊರಿಗೆ ಸೇರುವ ಹಕ್ಕು ಸಿಗುತ್ತದೆಂದು 1690ರ ದಶಕದ ಆರಂಭದಲ್ಲಿ ಕಾನೂನಾದ ಮೇಲೆ, ಕೆಲವು ರೈತರು 51 ವಾರಗಳಿಗೆ ಕರಾರು ಮಾಡಿಕೊಳ್ಳುವ ಉಪಾಯ ಕಂಡುಕೊಂಡರು. 1697ರ ಕಾಯ್ದೆ ನೆರವು ಪಡೆಯುವವರೆಲ್ಲರೂ ಬಲತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯ ‘ಪಿ’ (ಪಾಪರ್, ಅಂದರೆ ಬಡವ) ಅಕ್ಷರವನ್ನು ಊರಿನ ಮೊದಲಕ್ಷರದೊಂದಿಗೆ ಹೊಲಿದುಕೊಂಡಿರಬೇಕೆಂದು ವಿಧಿಸಿತು. ನೆರವು ಕೊಡುವ ವ್ಯವಸ್ಥೆಯನ್ನು ಹೊಗಳುವ ಪುಸ್ತಕಗಳು ಈ ಅಂಶಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುವ ಪದ್ಧತಿ ಅಲ್ಲಿತ್ತೇ? (ಕೃಷಿ ಕಾರ್ಮಿಕರು, ಸಿಂಧನೂರು)

ಉತ್ತರ: ಇತ್ತು, ಅದು ಮುಖ್ಯವಾಗಿ ಹೆಂಗಸರು ಮಕ್ಕಳ ಕೆಲಸ. ಬಡವರಿಗಾಗಿ ತೆನೆ ಬಿಡಬೇಕೆಂದು ಬೈಬಲ್ ಹೇಳಿರುವುದರಿಂದ ಜನ ಅದನ್ನು ಭಿಕ್ಷೆಯೆಂದು ತಿಳಿಯದೆ ಹಕ್ಕೆಂದೇ ತಿಳಿದಿದ್ದರು. ಸಫೋಕ್ ಪ್ರಾಂತದ ಟಿಮ್‌ವರ್ತ್ ಊರಿನ ಮೇರಿ ಹೌಟನ್ ಎಂಬ ಹೆಂಗಸಿನ ಮೇಲೆ ಹೊಲದವನು ಹೂಡಿದ ದಾವೆಯಲ್ಲಿ, 1788ರಲ್ಲಿ, ಲಂಡನ್ನಿನ ನ್ಯಾಯಾಧೀಶರು ಬಹುಮತದಿಂದ ಅಂಥ ಹಕ್ಕು ಕಾನೂನಿನಲ್ಲಿ ಇಲ್ಲವೆಂದು ತೀರ್ಪಿತ್ತರು. ಆದರೆ ಅದು ಅತಿಕ್ರಮಣದ ಸಿವಿಲ್ ದಾವೆ. ಹಕ್ಕಲು ಆಯುವವರ ಮೇಲೆ ಗೆದ್ದರೂ ವಸೂಲು ಮಾಡಲು ಅವರ ಬಳಿ ಏನೂ ಇರುತ್ತಿರಲಿಲ್ಲ. ಆದ್ದರಿಂದ ತೀರ್ಪಿನ ಬಳಿಕವೂ ಬಹಳ ಊರುಗಳಲ್ಲಿ ಹೆಂಗಸರು ಮೊದಲಿನಂತೆಯೇ ಹೊಲಕ್ಕಿಳಿದು ಆಯುತ್ತಿದ್ದರು.